ಬಸ್ಸಿನ ಮೇಲಿನ ನಗು

ಫೆಬ್ರವರಿ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಟೀಚರ್,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಅದರೊಳಗೆ ಮಡಚಿಟ್ಟಿದ್ದ ಪತ್ರಿಕೆಯ ಚೂರೂ ಸಿಕ್ಕಿತು. ಉತ್ತರ ಬರಲಿಲ್ಲವೆಂದು ನೀವು ಬೇಸರ ಮಾಡಿಕೊಂಡಿರಬೇಕು. ಬರೆಯಲು ಕೂತಾಗಲೆಲ್ಲ ‘ನಾವೆಲ್ಲ ಕ್ಷೇಮ’ ಎನ್ನುವ ಸಾಲಿನ ಹತ್ತಿರ ಬಂದು ಪೆನ್ನು ನಿಂತುಬಿಡುತ್ತಿತ್ತು. ಇವತ್ತು ಆ ಸಾಲನ್ನೇ ಬಿಟ್ಟು ಶುರು ಮಾಡಿದ್ದೇನೆ. ಇವರು ಮಗಳನ್ನು, ನಿಮ್ಮ ಗುಂಡಿಯನ್ನು, ಸುತ್ತಾಡಿಸಿಕೊಂಡು ಬರಲು ಹೋಗಿದ್ದಾರೆ. ಹೊಲಿಗೆ ಮಿಷನ್ನಿನ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಹೊಂದಿಸಿಕೊಂಡು ಓದಿ.

ನಿಮ್ಮ ಮಗ ನಡೆಯಲು ಕಲಿತು, ಮನೆಯ ಒಂದು ಸಾಮಾನನ್ನೂ ಇದ್ದಲ್ಲಿ ಇರಗೊಡುವುದಿಲ್ಲ ಎಂದು ಬರೆದಿದ್ದೀರಿ. ಓದಿ ನಗು ಬಂತು. ಅವನನ್ನು ಬೈಯಬೇಡಿ. ಎಳೆಯಲಿ, ಬೀಳಿಸಲಿ. ಮಗುವಿನ ಕೈ ತಾನಾಗಿಯೇ ಒಂದು ವಸ್ತುವಿನ ಕಡೆಗೆ ಚಾಚುವುದು ಎಷ್ಟು ದೊಡ್ಡ ವಿಷಯವೆಂದು ನಿಮಗೆ ನಾನು ಹೇಳಬೇಕೇ?

ಪತ್ರಿಕೆ ಬಿಡಿಸಿದರೆ ಶಾಲೆಯ ಜಾಹೀರಾತಿನಲ್ಲಿ ನಮ್ಮ ಗುಂಡಿ ನಗುತ್ತಿದ್ದಳೆಂದೂ, ಮನೆಯವರಿಗೆಲ್ಲ ತೋರಿಸಿ ‘ಇವಳು ನನ್ನ ಹುಡುಗಿ’ ಎಂದಿರೆಂದೂ ಬರೆದಿದ್ದೀರಿ. ಈಗ ದೊಡ್ಡ ಮಕ್ಕಳ ತರಗತಿಗೆ ಹೋಗಿರಬೇಕು, ಎರಡೂ ಕಾಲಿನ ಶೂ ತಾನೇ ಕಟ್ಟಿಕೊಳ್ಳುತ್ತಾಳೆ ಅಲ್ಲವೇ ಎಂದು ಕೇಳಿದ್ದೀರಿ. ಟೀಚರ್, ಗುಂಡಿ ಈಗ ಆ ಶಾಲೆಯಲ್ಲಿಲ್ಲ. ಹೋದ ವರ್ಷವೇ ಬಿಟ್ಟಳು. ಬಿಟ್ಟಳು ಎಂದು ಬರೆದೆ ನೋಡಿ, ಬಿಡಿಸಿದರು ಎನ್ನಬೇಕು. ಆದರೆ ಅದನ್ನೂ ಅವರು ಬಾಯಿಬಿಟ್ಟು ಹೇಳಲಿಲ್ಲ.

ಜಾಹೀರಾತಿನಲ್ಲಿರುವುದು ನೀವಿದ್ದಾಗ ತೆಗೆದ ಚಿತ್ರ. ಆ ದಿನ ನಿಮಗೆ ಮರೆತಿರಲಾರದು. ಕೋಟಿನ ಗುಂಡಿಗಳನ್ನೆಲ್ಲ ಕೆಳಗಿನಿಂದ ಮೇಲಿನವರೆಗೆ ತಾನೊಬ್ಬಳೇ ಹಾಕಿಕೊಂಡು, ಕೊನೆಯದು ತೂತಿನೊಳಗೆ ಹೋದ ಕೂಡಲೇ ತಲೆಯೆತ್ತಿ ನಿಮ್ಮನ್ನು ನೋಡಿ ನಕ್ಕಿದ್ದಳು. ನಾನು ಹೊಲಿಗೆಗೆಂದು ಡಬ್ಬಿಯಲ್ಲಿಟ್ಟಿದ್ದ ಗುಂಡಿಗಳನ್ನು ಬಿಟ್ಟು ಬೇರೆ ಆಟವೇ ಗೊತ್ತಿಲ್ಲದ ಹುಡುಗಿಗೆ ಗುಂಡಿಯಿಂದಲೇ ಪಾಠ ಶುರು ಮಾಡಿದವರು ನೀವು, ಗುಂಡಿ ಎಂದು ಹೆಸರಿಟ್ಟವರೂ ನೀವೇ. ‘ಗುಂಡಿ ಅಂದ್ರೆ ಹಳ್ಳ ಅಂತಾನೂ ಆಗುತ್ತಲ್ಲ ಟೀಚರ್’ ಎಂದು ನಾನು ತಮಾಷೆ ಮಾಡಿದರೆ, ‘ಹಳ್ಳಕ್ಕೇ ಅಲ್ವಾ ನೀರು ಹರಿದು ಬರೋದು’ ಎಂದಿದ್ದಿರಿ. ಮೂಲ ಚಿತ್ರದ ಅಂಚಿನಲ್ಲಿ ನಿಮ್ಮ ನೀಲಿ ಅಂಗಿಯ ತೋಳು ಕಾಣುತ್ತದೆ. ಜಾಹೀರಾತಿಗೆ ಅದನ್ನು ಕತ್ತರಿಸಿ ತೆಗೆದಿದ್ದಾರೆ. ಈಗ ನೋಡಿದವರಿಗೆ ಅವಳು ಶಾಲೆಯನ್ನು ನೋಡಿ ನಕ್ಕ ಹಾಗೆ ಕಾಣುತ್ತದೆ.

ನೀವು ಅವಳನ್ನು ನೋಡುವ ಮೊದಲಿನ ಕಥೆ ನಿಮಗೆ ಅಷ್ಟಾಗಿ ಗೊತ್ತಿಲ್ಲ. ಮನೆಯ ಹತ್ತಿರದ ಶಾಲೆಯಲ್ಲಿ ಅವಳನ್ನು ಬಾಗಿಲ ಹೊರಗೆ ಚಾಪೆ ಹಾಕಿ ಕೂರಿಸುತ್ತಿದ್ದರು. ಇನ್ನೊಂದರಲ್ಲಿ, ‘ನಮಗೇನಿಲ್ಲ, ಬೇರೆ ಮಕ್ಕಳ ಅಪ್ಪ ಅಮ್ಮ ಒಪ್ಪಲ್ಲ’ ಎಂದರು. ಇವರ ಅಕ್ಕ ಒಮ್ಮೆ ಮನೆಗೆ ಬಂದವರು, ‘ಮನೇಲೇ ಇಟ್ಕೊಳ್ರೋ, ಯಾಕೆ ಊರೆಲ್ಲ ಅಲೀತೀರ? ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ನೆ ಹೇಳಿಲ್ಲ’ ಎಂದರು. ‘ಹೆಗ್ಗಣಕ್ಕೂ ಒಂದು ಬಿಲ ಅಂತ ಇರುತ್ತಕ್ಕ, ನನ್ನ ಮಗಳಿಗೆ ಒಂದು ಬೆಂಚೂ ಸಿಗ್ತಿಲ್ಲ’ ಎಂದೆ. ಅವರು ಆಮೇಲೆ ಬರುವುದನ್ನು ಕಡಿಮೆ ಮಾಡಿದರು.

ಹಾಗಿರುವಾಗ, ಇಂಥ ಮಕ್ಕಳಿಗೆಂದೇ ಇದ್ದ ನಿಮ್ಮ ಶಾಲೆಯ ಮೆಟ್ಟಿಲು ಹತ್ತಿದೆವು. ದೊಡ್ಡ ಮೇಡಂ ಕುರ್ಚಿಯಿಂದ ಎದ್ದುಬಂದು, ಗುಂಡಿಯ ಮುಂದೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಅವಳು ತಮ್ಮ ಕನ್ನಡಕ ಕಿತ್ತುಕೊಂಡರೂ ಸುಮ್ಮನಿದ್ದರು. ‘ಇನ್ಮೇಲೆ ಇವಳು ನಿಮ್ಮಿಬ್ಬರ ಮಗಳು ಮಾತ್ರ ಅಲ್ಲ, ನಮ್ಮ ಮಗಳೂ ಹೌದು’ ಎಂದರು. ಕೆಳಗೆ ಇಳಿಯುವಾಗ ಇವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಶೂ ಕಟ್ಟಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಅಳುತ್ತಿದ್ದರು. ಇವತ್ತಿಗೂ ಆ ಮಾತು ಸುಳ್ಳೆಂದು ನನಗೆ ಅನಿಸುವುದಿಲ್ಲ ಟೀಚರ್. ಆ ಹೊತ್ತಿಗೆ ಅದು ನಿಜವೇ ಇದ್ದಿರಬೇಕು. ಅದಕ್ಕೇ ಇಷ್ಟು ನೋಯುತ್ತದೆ.

ನೀವು ಹೆರಿಗೆಗೆಂದು ಹೋದ ಮೇಲೆ ಒಬ್ಬರು ಬಂದರು, ಅವರು ಹೋಗಿ ಇನ್ನೊಬ್ಬರು ಬಂದರು. ಒಳ್ಳೆಯ ಹುಡುಗಿಯರೇ. ಆದರೆ ಗುಂಡಿ ಒಬ್ಬರ ಮುಖ ಗುರುತಿಟ್ಟುಕೊಳ್ಳುವಷ್ಟರಲ್ಲಿ ಆ ಮುಖ ಬದಲಾಗುತ್ತಿತ್ತು. ಅವಳು ಮತ್ತೆ ಬಟ್ಟೆ ಒದ್ದೆ ಮಾಡಿಕೊಳ್ಳತೊಡಗಿದಳು. ಒಂದು ದಿನ ಕೈತೊಳೆಯುವ ಜಾಗದಲ್ಲಿ ಬಿದ್ದಳು. ಜಾರಿರಬೇಕು ಎಂದು ಶಾಲೆಯಿಂದ ಫೋನು ಬಂತು. ಜಾರಿದ್ದಲ್ಲ, ಫಿಟ್ಸ್. ಅಲ್ಲಿಂದ ಆಗಾಗ ಬರತೊಡಗಿತು. ಮಾತ್ರೆಗಳು ಶುರುವಾದವು. ಮಾತ್ರೆಯ ಮಂಪರಿನಲ್ಲಿ ಅವಳು ತರಗತಿಯಲ್ಲೇ ನಿದ್ದೆ ಹೋಗುತ್ತಿದ್ದಳು, ಎಬ್ಬಿಸಿದರೆ ಕಚ್ಚುತ್ತಿದ್ದಳು.

ನಮ್ಮನ್ನು ಕರೆಸಿದರು. ಮೊದಲು, ಇವಳಿಗೆಂದೇ ಒಬ್ಬ ಆಯಾಳನ್ನು ನಾವೇ ಗೊತ್ತುಮಾಡಿ ಕಳಿಸಬೇಕೆಂದರು. ಕಳಿಸಿದೆವು. ಆಮೇಲೆ ಅರ್ಧ ದಿನ ಸಾಕೆಂದರು. ಒಪ್ಪಿದೆವು. ಆಮೇಲೆ ದೊಡ್ಡ ಮೇಡಂ ಟೀ ತರಿಸಿಕೊಟ್ಟು ಬಹಳ ಮೆಲ್ಲಗೆ, ‘ಇವಳಿಗೆ ಬೇಕಾದ್ದನ್ನ ಕೊಡೋಕೆ ನಮ್ಮಿಂದ ಆಗ್ತಿಲ್ಲ ಅಂತ ನನಗೇ ಸಂಕಟ. ಸ್ವಲ್ಪ ದಿನ ಮನೇಲಿರಲಿ. ಸುಧಾರಿಸಿಕೊಳ್ಳಲಿ. ನಾವೇ ಕರೀತೀವಿ’ ಎಂದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದರು. ನಾನು ಬೇರೆ ಥ್ಯಾಂಕ್ಸ್ ಹೇಳಿ ಬಂದೆ.

ಕರೆಯಲಿಲ್ಲ. ಕೇಳಲು ನಾನೇ ಹೋದೆ. ನೀವು ಗುಂಡಿಗೆಂದು ಕೆಂಪು ದಾರ ಕಟ್ಟಿ ಗುರುತು ಮಾಡಿದ್ದ ಕೋಟಿನ ಮೊಳೆಯ ಮೇಲೆ ಬೇರೆ ಮಗುವಿನ ಹೆಸರು ಅಂಟಿಸಿದ್ದರು. ಆಫೀಸಿನ ಹುಡುಗಿ ಒಂದು ಚೀಲ ತಂದುಕೊಟ್ಟಳು. ಒಳಗೆ ಗುಂಡಿಯ ಲೋಟ, ಬ್ರಷ್ಷು, ಏಪ್ರನ್ನು, ಒಂದು ಜೊತೆ ಚಪ್ಪಲಿ. ಚಪ್ಪಲಿ ಅವಳದಲ್ಲ, ಬೇರೆ ಯಾವುದೋ ಮಗುವಿನದು. ‘ಇದು ನಮ್ದಲ್ಲಮ್ಮ’ ಎಂದೆ. ಅವಳು ತಿರುಗಿಸಿ ನೋಡಿ, ‘ಹೋಗ್ಲಿ ಇಟ್ಕೊಳ್ಳಿ ಆಂಟಿ, ಆ ಮಗುವೂ ಈಗ ಬರ್ತಿಲ್ಲ’ ಎಂದಳು.

ಇಷ್ಟಾಗಿದ್ದರೆ ನಾವು ಹೇಗೋ ಸಹಿಸಿಕೊಳ್ಳುತ್ತಿದ್ದೆವು. ನಮಗಿಂತ ಕಷ್ಟದಲ್ಲಿರುವವರಿದ್ದಾರೆ.

ಬೇಸಿಗೆ ರಜೆ ಮುಗಿದ ಮೇಲೆ ಶಾಲೆಗೆ ಹೊಸ ಬಸ್ಸು ಬಂತು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಂದು ಹುಡುಗಿ ಇದ್ದಾಳೆ, ಅವಳನ್ನು ಕರೆದೊಯ್ಯಲು ಬಸ್ಸು ದಿನಾ ನಮ್ಮ ಬಾಗಿಲ ಮುಂದೆಯೇ ಹಾದುಹೋಗಬೇಕು. ಮೊದಲ ದಿನ ನಾನು ಕಿಟಕಿಯ ಹತ್ತಿರ ಪರದೆ ಹೊಲಿಯುತ್ತಿದ್ದೆ. ಹಾರ್ನು ಕೇಳಿ ತಲೆಯೆತ್ತಿದರೆ, ಬಸ್ಸಿನ ಮೈಮೇಲೆ ಆಳೆತ್ತರದ ಚಿತ್ರವಾಗಿ ಗುಂಡಿ. ಅದೇ ಕೋಟು, ಅದೇ ನಗು. ಕಿಟಕಿಯ ತುಂಬ ಅವಳ ಹಲ್ಲುಗಳು ಕಾಣಿಸಿ ಹೋದವು. ಸೂಜಿ ಬೆರಳಿಗೆ ಇಳಿದದ್ದು ನನಗೆ ಗೊತ್ತಾಗಲಿಲ್ಲ.

ಗುಂಡಿಯೂ ನೋಡಿದಳು. ನೋಡಿ, ಬಸ್ಸು ಹೋದ ದಿಕ್ಕಿಗೆ ಬೆರಳು ತೋರಿಸಿ ‘ನಾನು’ ಎಂದಳು.

ಈ ಮಾತಿಗಾಗಿ ನೀವು ಎಷ್ಟು ಕಷ್ಟಪಟ್ಟಿದ್ದಿರಿ ಟೀಚರ್. ಕನ್ನಡಿಯ ಮುಂದೆ ಕೂರಿಸಿ, ಎದೆಯ ಮೇಲೆ ಅವಳ ಕೈಯನ್ನೇ ಇಡಿಸಿ, ‘ನಾನು, ನಾನು’ ಎಂದು ಹೇಳಿಕೊಡುತ್ತಿದ್ದಿರಿ. ಅವಳು ಯಾವತ್ತಿದ್ದರೂ ‘ಗುಂಡಿಗೆ ನೀರು’, ‘ಗುಂಡಿಗೆ ನಿದ್ದೆ’. ಆ ಪದ ಅವಳಿಗೆ ಬರಲಿಕ್ಕಿಲ್ಲ ಎಂದು ಡಾಕ್ಟರೂ ಹೇಳಿದ್ದರು. ಬಂತು. ಬಸ್ಸಿನ ತಗಡಿನ ಮೇಲೆ ತನ್ನನ್ನು ಕಂಡು ಬಂತು. ನಾನು ಅವಳನ್ನು ತಬ್ಬಿಕೊಂಡು ಕುಣಿಯಬೇಕಿತ್ತು. ಅವಳ ಕಣ್ಣು ಮುಚ್ಚಿ ಒಳಗೆ ಎಳೆದುಕೊಂಡು ಬಂದೆ.

ಮರುದಿನದಿಂದ ಹಾರ್ನು ಕೇಳುವ ಹೊತ್ತಿಗೆ ಕೋಟು ಹಾಕಿಕೊಂಡು, ಚೀಲ ಬೆನ್ನಿಗೇರಿಸಿ, ಬಾಗಿಲಲ್ಲಿ ನಿಲ್ಲುತ್ತಿದ್ದಳು. ಬಸ್ಸಿನ ಮೇಲೆ ತಾನಿದ್ದೇನೆ ಎಂದ ಮೇಲೆ ಅದು ತನ್ನ ಬಸ್ಸು, ಅದರಲ್ಲಿ ತಪ್ಪೇನಿದೆ? ಡ್ರೈವರಿಗೆ ಅವಳ ಪರಿಚಯವಿತ್ತು. ಮೊದಮೊದಲು ವೇಗ ಕಡಿಮೆ ಮಾಡಿ ಕೈಬೀಸಿ ಹೋಗುತ್ತಿದ್ದ. ಅದು ಇನ್ನೂ ಕೆಟ್ಟದಾಯಿತು. ನಿಲ್ಲುತ್ತದೆ ಎಂದು ಅವಳು ಒಂದು ಹೆಜ್ಜೆ ಮುಂದಿಡುತ್ತಿದ್ದಳು, ಬಸ್ಸು ಮುಂದಕ್ಕೆ ಹೋಗುತ್ತಿತ್ತು. ಹಿಂದಿನ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿ ನೋಡಿದೆ. ಬಾಗಿಲಿಗೆ ಹಣೆ ಚಚ್ಚಿಕೊಂಡಳು. ಆ ಹೊತ್ತಿಗೆ ಬೇರೆ ರಸ್ತೆಗೆ ಕರೆದುಕೊಂಡು ಹೋಗಿ ನೋಡಿದೆ. ನೆಲದ ಮೇಲೆ ಕೂತುಬಿಟ್ಟಳು. ಹನ್ನೊಂದು ತುಂಬಿದ ಹುಡುಗಿ, ನನ್ನ ತೂಕಕ್ಕೆ ಬಂದಿದ್ದಾಳೆ, ಎತ್ತಿಕೊಳ್ಳಲು ಆಗುತ್ತದೆಯೇ?

ಇವರು ದೊಡ್ಡ ಮೇಡಂ ಹತ್ತಿರ ಹೋದರು. ಇವರು ನಿಮಗೆ ಗೊತ್ತಲ್ಲ, ಫ್ರಿಜ್ ರಿಪೇರಿಗೆ ಹೋದ ಮನೆಯಲ್ಲಿ ಕುಡಿಯಲು ನೀರು ಕೇಳಲೂ ಸಂಕೋಚ. ಬಸ್ಸಿನ ಮೇಲಿಂದ ಚಿತ್ರ ತೆಗೆಸಿಹಾಕಿ ಎಂದು ಕೈಮುಗಿದು ಕೇಳಿದರಂತೆ. ‘ನೀವೇ ಒಪ್ಪಿಗೆ ಕೊಟ್ಟ ಚಿತ್ರ ಅಲ್ವಾ?’ ಎಂದರಂತೆ ಅವರು. ಹೌದು, ಕೊಟ್ಟಿದ್ದೆವು, ಹೆಮ್ಮೆಯಿಂದ ಕೊಟ್ಟಿದ್ದೆವು. ಆಮೇಲೆ ಅವರು, ‘ಆ ನಗು ನೋಡಿ ಎಷ್ಟೋ ಜನ ಅಪ್ಪ ಅಮ್ಮಂದಿರಿಗೆ ಧೈರ್ಯ ಬಂದಿದೆ. ಅದನ್ನ ಅಳಿಸಿ ಅಂತೀರಾ?’ ಎಂದರಂತೆ. ಇವರು ಎದ್ದುಬಂದರು. ಮನೆಗೆ ಬಂದು ಶೂ ಬಿಚ್ಚುತ್ತಾ, ‘ಮಗು ಬೇಡ್ವಂತೆ, ಮಗೂದು ನಗು ಬೇಕಂತೆ ಕಣೇ’ ಎಂದರು.

ಆಮೇಲೆ ಒಂದು ದಿನ ನಡೆದದ್ದನ್ನು ಬರೆಯುವುದೋ ಬೇಡವೋ ಎಂದು ಇಷ್ಟು ಹೊತ್ತು ಯೋಚಿಸುತ್ತಿದ್ದೆ. ಬರೆದೇಬಿಡುತ್ತೇನೆ.

ನಾನು ಒಲೆಯ ಮೇಲೆ ಹಾಲು ಇಟ್ಟಿದ್ದೆ. ಹಾರ್ನು ಕೇಳಿತು, ಆಮೇಲೆ ಬ್ರೇಕಿನ ಸದ್ದು. ಓಡಿ ಬಂದರೆ ಗುಂಡಿ ಬೀದಿಯ ನಡುವೆ ಬಸ್ಸಿಗೆ ಎದುರಾಗಿ ನಿಂತಿದ್ದಳು. ಡ್ರೈವರು ಬೆವರುತ್ತಿದ್ದ. ಬಸ್ಸಿನ ಆಯಾ ಬಾಗಿಲು ತೆಗೆದು ಕೆಳಗಿಳಿದದ್ದೇ ತಡ, ಗುಂಡಿ ಅವಳ ಪಕ್ಕದಲ್ಲಿ ನುಸುಳಿ ಒಳಗೆ ಹತ್ತಿದಳು. ಹೋಗಿ, ಹಳೆಯ ಬಸ್ಸಿನಲ್ಲಿ ಕೂರುತ್ತಿದ್ದ ಹಾಗೆ ಎರಡನೇ ಸೀಟಿನ ಕಿಟಕಿಯ ಪಕ್ಕ ಕೂತಳು. ಅಲ್ಲಿದ್ದ ಮಗು ಸರಿದು ಜಾಗ ಕೊಟ್ಟಿತು ಟೀಚರ್. ಅದೊಂದೇ ಜಾಗ ಕೊಟ್ಟದ್ದು.

ಆಯಾ ನನ್ನ ಮುಖ ನೋಡಲಾರದೆ, ‘ನೀವೇ ಇಳಿಸ್ಕೊಳಿ ಅಮ್ಮ, ನಾನು ಮುಟ್ಟಲ್ಲ’ ಎಂದಳು. ನಾನು ಹತ್ತಿದೆ. ಮೊದಲು ಮುದ್ದಿನಿಂದ ಕರೆದೆ. ಆಮೇಲೆ ಅಂಗಡಿಗೆ ಹೋಗೋಣ ಎಂದೆ. ಅವಳು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ‘ನಾನು, ನಾನು’ ಎನ್ನುತ್ತಿದ್ದಳು. ಹಿಂದಿನಿಂದ ಒಂದು ಸ್ಕೂಟರು, ಅದರ ಹಿಂದೆ ಇನ್ನೊಂದು ಗಾಡಿ, ಎಲ್ಲರೂ ಹಾರ್ನು ಒತ್ತುತ್ತಿದ್ದರು. ಮಕ್ಕಳು ಹೆದರಿ ಅಳತೊಡಗಿದ್ದವು. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಕಂಬಿಯಿಂದ ಬಿಡಿಸಿದೆ. ಒಂದು ಕೈ ಬಿಡಿಸಿದರೆ ಇನ್ನೊಂದು ಹೋಗಿ ಹಿಡಿಯುತ್ತಿತ್ತು. ಕೊನೆಗೆ ಕೋಟಿನ ಕಾಲರು ಹಿಡಿದು ಎಳೆದೆ. ಎಲ್ಲ ಮಕ್ಕಳ ಮುಂದೆ, ಚೀಲ ಎಳೆದ ಹಾಗೆ ನನ್ನ ಮಗಳನ್ನು ಮೆಟ್ಟಿಲ ಕೆಳಗೆ ಎಳೆದೆ. ಕೋಟು ಹರಿಯಿತು. ಗುಂಡಿಗಳು ಬಸ್ಸಿನೊಳಗೇ ಉದುರಿದವು.

ಬಾಗಿಲು ಹಾಕಿಕೊಂಡಿತು. ಬೀದಿಯ ಮೇಲೆ ಕೂತಿದ್ದ ನಮ್ಮಿಬ್ಬರ ಮುಖದ ಪಕ್ಕದಲ್ಲೇ ಅವಳ ನಗು ಹಾದುಹೋಯಿತು. ಒಳಗೆ ಹಾಲು ಉಕ್ಕಿ, ಸೀದು, ಮನೆಯೆಲ್ಲ ಹೊಗೆಯಾಗಿತ್ತು.

ಅಂದಿನಿಂದ ಬಸ್ಸು ನಮ್ಮ ಬೀದಿಗೆ ಬರುವುದಿಲ್ಲ. ಕೊನೆಯ ಮನೆಯ ತಾಯಿ ಮಗಳನ್ನು ಮುಖ್ಯರಸ್ತೆಯವರೆಗೆ ನಡೆಸಿಕೊಂಡು ಹೋಗಬೇಕಾಗಿದೆ. ಎದುರಾದರೆ ತಲೆ ತಗ್ಗಿಸುತ್ತಾಳೆ. ಕೋಪವೋ ಕನಿಕರವೋ ತಿಳಿಯದು. ಕೋಟನ್ನು ನಾನು ಹೊಲಿದು ಸರಿಮಾಡಿದೆ, ಹೊಸ ಗುಂಡಿಗಳನ್ನು ಹಾಕಿದೆ. ಗುಂಡಿ ಅವನ್ನು ಮುಟ್ಟುವುದಿಲ್ಲ. ಕೋಟು ತೊಡಿಸಿದರೆ ತೆರೆದ ಹಾಗೆಯೇ ನಿಲ್ಲುತ್ತಾಳೆ, ನಾನು ಹಾಕಿದರೆ ಹಾಕಿಸಿಕೊಳ್ಳುತ್ತಾಳೆ. ಶೂ ಲೇಸು ಹೋಯಿತು, ಚಮಚ ಹೋಯಿತು. ನೀವು ವರ್ಷಗಟ್ಟಲೆ ಕೂತು ಪೋಣಿಸಿದ್ದೆಲ್ಲ ದಾರ ಎಳೆದ ಹೊಲಿಗೆಯ ಹಾಗೆ ಬಿಚ್ಚಿಕೊಂಡು ಬರುತ್ತಿದೆ, ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೇನೆ. ‘ನಾನು’ ಎಂಬ ಮಾತನ್ನೂ ಆಮೇಲೆ ಅವಳ ಬಾಯಲ್ಲಿ ಕೇಳಲಿಲ್ಲ. ‘ಗುಂಡಿಗೆ ನೀರು’ ಎಂದೂ ಕೇಳುವುದಿಲ್ಲ. ಲೋಟದ ಹತ್ತಿರ ಹೋಗಿ ನಿಲ್ಲುತ್ತಾಳೆ, ಅಷ್ಟೆ.

ಬೇರೆ ಶಾಲೆ ಹುಡುಕಲಿಲ್ಲವೇ ಎಂದು ಕೇಳುತ್ತೀರಿ. ಹುಡುಕಿದೆವು. ಒಂದು ಕಡೆ ಫಿಟ್ಸ್ ನಿಂತ ಮೇಲೆ ಬನ್ನಿ ಎಂದರು. ಇನ್ನೊಂದು ಕಡೆ ವಯಸ್ಸು ಮೀರಿದೆ ಎಂದರು. ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿದ್ದ ಶಾಲೆಗೂ ಹೋಗಿ ಬಂದೆವು. ಗೋಡೆಗೆ ಒರಗಿ ದೊಡ್ಡ ದೊಡ್ಡ ಹುಡುಗರು ಕೂತಿದ್ದರು, ಟಿವಿ ಹಾಡುತ್ತಿತ್ತು, ಒಬ್ಬನೂ ಅದನ್ನು ನೋಡುತ್ತಿರಲಿಲ್ಲ. ಇವರು ಅವಳ ಕೈಹಿಡಿದು ಹೊಸ್ತಿಲಿನಿಂದಲೇ ಹಿಂದಿರುಗಿದರು. ಈಗ ಇವರು ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾರೆ, ಮಧ್ಯಾಹ್ನ ಬಂದು ಅವಳನ್ನು ನೋಡಿಕೊಳ್ಳುತ್ತಾರೆ, ನಾನು ಆಗ ಹೊಲಿಗೆಗೆ ಕೂರುತ್ತೇನೆ. ಒಬ್ಬರ ಕೈಯಿಂದ ಒಬ್ಬರ ಕೈಗೆ ಮಗಳನ್ನು ದಾಟಿಸುವಾಗ ‘ಊಟ ಆಯ್ತಾ’, ‘ಮಾತ್ರೆ ಕೊಟ್ಟೆ’, ಇವೆರಡೇ ನಮ್ಮ ಸಂಸಾರದ ಮಾತುಗಳು.

ನಿಮ್ಮ ಕಾಗದದ ಕೊನೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಕೆಳಗಿನ ಮನೆಯ ದಂಪತಿಗೆ ಗುಂಡಿಯಂಥವನೇ ಒಬ್ಬ ಮಗನಿದ್ದಾನೆ, ಇನ್ನೂ ಪುಟ್ಟವನು, ಗುಂಡಿಯ ಚಿತ್ರ ನೋಡಿ ಅವರಿಗೆ ಆಸೆ ಹುಟ್ಟಿದೆ, ಆ ಶಾಲೆಗೋಸ್ಕರ ಊರು ಬದಲಿಸಲೂ ತಯಾರಿದ್ದಾರೆ, ಜಾಹೀರಾತಿನಲ್ಲಿ ಹೇಳಿದ ಹೊಸ ಅಪ್ಪ ಅಮ್ಮಂದಿರ ಸಭೆಗೆ ಬರುತ್ತಾರೆ, ಅವರಿಗೆ ನಾನೂ ಒಂದು ಮಾತು ಹೇಳಬೇಕು ಎಂದಿದ್ದೀರಿ. ಹೇಳುತ್ತೇನೆ. ಕಳಿಸಬೇಡಿ. ಮಗ ನಗುವಷ್ಟು ದಿನ ಇಟ್ಟುಕೊಳ್ಳುತ್ತಾರೆ, ಆಮೇಲೆ ಒಂದು ಚೀಲ ಕೊಡುತ್ತಾರೆ ಎಂದು ಹೇಳಿ. ಬೇಕಿದ್ದರೆ ಈ ಕಾಗದವನ್ನೇ ಓದಿ ಹೇಳಿ. ಆ ಶಾಲೆಗೂ ನಮಗೂ ಇನ್ನು ಯಾವ ಸಂಬಂಧವೂ ಇಲ್ಲ, ಇನ್ನು ನಾನು ಯಾರಿಗೂ ಹೆದರಬೇಕಾಗಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನೀವು ಹೋಗದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಇವರು ಒಮ್ಮೆ ಅಂದರು. ನಾನು ಬೈದೆ. ನಿಮಗೂ ಮಗು ಬೇಡವೇ? ನೀವು ಬಂದು ನೋಡುವುದು ಬೇಡ. ಅವಳು ನಿಮ್ಮನ್ನು ಗುರುತಿಸದಿದ್ದರೆ ನಿಮಗೆ ನೋವಾಗುತ್ತದೆ. ಗುರುತಿಸಿದರೆ, ನೀವು ಹೊರಟಾಗ ಅವಳ ಬೆರಳುಗಳನ್ನು ಬಿಡಿಸುವ ಶಕ್ತಿ ನನ್ನಲ್ಲಿಲ್ಲ.

ಮಗನಿಗೆ ನನ್ನ ಮುತ್ತು ಕೊಡಿ.

ಇಂತು ನಿಮ್ಮ,
ಗುಂಡಿಯ ಅಮ್ಮ

ಗುರುವಾರ

ಮತ್ತೆ: ಅಂಚೆಗೆ ಹಾಕಲು ಆಗದೆ ಈ ಕಾಗದ ಇಲ್ಲೇ ಉಳಿದಿತ್ತು. ನಿನ್ನೆ ದೊಡ್ಡ ಮೇಡಂ ತಾವೇ ನಮ್ಮ ಮನೆಗೆ ಬಂದಿದ್ದರು. ಗುಂಡಿ ಅವರನ್ನು ಕಂಡದ್ದೇ ಓಡಿಹೋಗಿ ಮಡಿಲಲ್ಲಿ ತಲೆಯಿಟ್ಟಳು. ಅವರ ಕಣ್ಣಲ್ಲೂ ನೀರು ಬಂತು, ನಟನೆಯಲ್ಲ. ವಾರಕ್ಕೆ ಎರಡು ಮಧ್ಯಾಹ್ನ ಅವಳನ್ನು ತರಗತಿಯಲ್ಲಿ ಕೂರಿಸಿಕೊಳ್ಳುತ್ತಾರಂತೆ, ನಾನು ಜೊತೆಗಿರಬೇಕು. ಅದಕ್ಕೆ ಪ್ರತಿಯಾಗಿ ಸಭೆಯಲ್ಲಿ ಹೊಸ ಅಪ್ಪ ಅಮ್ಮಂದಿರ ಮುಂದೆ ನಾನು ಮಾತಾಡಬೇಕು. ಬಸ್ಸಿನ ಮೇಲಿನ ಹುಡುಗಿಯ ತಾಯಿ ಎಲ್ಲಿ ಎಂದು ಎಲ್ಲರೂ ಕೇಳುತ್ತಾರಂತೆ. ‘ಸುಳ್ಳು ಹೇಳಿ ಅಂತ ನಾನು ಕೇಳ್ತಿಲ್ಲ, ಮೊದಲ ವರ್ಷಗಳದ್ದು ಹೇಳಿ ಸಾಕು. ಅದೆಲ್ಲ ನಿಜ ತಾನೆ?’ ಎಂದರು. ನಿಜ ಎಂದೆ. ಇವರು, ‘ನಾನು ಬರಲ್ಲ, ಆದ್ರೆ ಬೇಡ ಅಂತಾನೂ ಅನ್ನಲ್ಲ’ ಎಂದು ಕೆಲಸಕ್ಕೆ ಹೋದರು. ನಾನು ಒಪ್ಪಿಕೊಂಡಿದ್ದೇನೆ.

ಮೇಲೆ ಬರೆದದ್ದರಲ್ಲಿ ಒಂದಕ್ಷರವನ್ನೂ ಹೊಡೆದುಹಾಕಿಲ್ಲ. ನಿಮ್ಮ ಕೆಳಗಿನ ಮನೆಯವರಿಗೆ ಓದಿ ಹೇಳುವುದೋ ಬಿಡುವುದೋ ನಿಮಗೇ ಬಿಟ್ಟದ್ದು. ಓದಿ ಹೇಳಿದರೆ, ಈಗ ಸಿಕ್ಕಿರುವ ಎರಡು ಮಧ್ಯಾಹ್ನವೂ ಹೋಗಬಹುದು. ಅವರು ಬಂದೇ ಬರುವುದಾದರೆ ಹಿಂದಿನ ಸಾಲಿನಲ್ಲಿ ಕೂರಲು ಹೇಳಿ. ಆ ಹುಡುಗನ ಮುಖ ಎದುರಿಗೇ ಕಂಡರೆ ನನಗೆ ಮಾತು ಹೊರಡುವುದಿಲ್ಲ.